ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಮಸಾಜ್: ಎಷ್ಟು ಒತ್ತಡ, ಎಲ್ಲಿ, ಯಾವ ದಿನ?

ಸಂಪಾದಕರಿಗೆ,

ಮಾನ್ಯರೇ,

ಕೀಮೋ ಹಾಕಿಸಿಕೊಂಡು ಮನೆಗೆ ಬಂದವರಿಗೆ ಕೈಕಾಲು ಸೆಳೆತ ಶುರುವಾದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ಸ್ವಲ್ಪ ಎಣ್ಣೆ ಹಚ್ಚಿ ಒತ್ತಬಹುದಾ?" ಎಂದು. ಸಿಗುವ ಉತ್ತರ ಹೆಚ್ಚಾಗಿ ಎರಡೇ ಬಗೆ. "ಮುಟ್ಟಲೇಬೇಡಿ, ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ" ಎನ್ನುವವರು ಒಂದು ಕಡೆ. "ಚೆನ್ನಾಗಿ ಒತ್ತಿ, ಔಷಧದ ವಿಷವೆಲ್ಲ ಇಳಿದುಹೋಗುತ್ತದೆ" ಎನ್ನುವವರು ಇನ್ನೊಂದು ಕಡೆ. ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ರೋಗಿಗೆ ಸುಲಭವಾಗಿ ಸಿಗಬಹುದಾದ ನೆಮ್ಮದಿ ತಪ್ಪಿಹೋಗುತ್ತದೆ. ಎರಡನೆಯದನ್ನು ನಂಬಿದರೆ ಮೂಳೆ ಮುರಿಯಬಹುದು, ಚರ್ಮದೊಳಗೆ ರಕ್ತ ಜಿನುಗಿ ಕಂದಬಹುದು, ಕಾಲಿನಲ್ಲಿದ್ದ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಆರೋಗ್ಯ ಪುಟಗಳಲ್ಲೂ ಈ ವಿಷಯ "ಮಸಾಜ್ ಒಳ್ಳೆಯದು" ಎಂಬ ಒಂದೆರಡು ಸಾಲಿನಲ್ಲೇ ಮುಗಿದುಹೋಗುತ್ತದೆ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಹರಡುವ ಭಯದ ಮಾತು ಮೊದಲು. ರಕ್ತ ಮತ್ತು ದುಗ್ಧರಸದ (ಅಂಗಾಂಶಗಳಿಂದ ರಕ್ತಕ್ಕೆ ಮರಳುವ ನೀರು, ಲಿಂಫ್) ಓಟ ಹೆಚ್ಚಾದರೆ ಕ್ಯಾನ್ಸರ್ ಕಣಗಳೂ ಅದರ ಜೊತೆ ಓಡುತ್ತವೆ ಎಂಬ ತರ್ಕದಿಂದ ಹುಟ್ಟಿದ ಭಯ ಇದು. ಆದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ರಕ್ತದ ಓಟ ಹೆಚ್ಚುತ್ತದೆ, ಸ್ನಾಯುಗಳು ಕೆಲಸ ಮಾಡಿದಂತೆಲ್ಲ ದುಗ್ಧರಸವೂ ಮುಂದೆ ಸಾಗುತ್ತದೆ. ಹಾಗಿದ್ದೂ ಕ್ಯಾನ್ಸರ್ ರೋಗಿಗಳಿಗೆ ನಡೆಯಿರಿ, ವ್ಯಾಯಾಮ ಮಾಡಿ ಎಂದೇ ವೈದ್ಯರು ಹೇಳುತ್ತಾರೆ. ಕಣವೊಂದು ತಾನಿದ್ದ ಜಾಗ ಬಿಟ್ಟು ಬೇರೆಡೆ ನೆಲೆಯೂರುವುದು ಅದರ ಜೀನ್‌ಗಳಲ್ಲಿ ಆದ ಬದಲಾವಣೆಯನ್ನೂ ಹೋಗಿ ಸೇರಿದ ಜಾಗದ ಪರಿಸರವನ್ನೂ ಅವಲಂಬಿಸಿದೆ. ಅಂಗಾಲು ನೀವಿದ್ದರಿಂದ ಸ್ತನದ ಕ್ಯಾನ್ಸರ್ ಯಕೃತ್ತಿಗೆ ಹೋಗುವುದಿಲ್ಲ. ಇದರಲ್ಲಿ ಪಾಲಿಸಬೇಕಾದ ನಿಯಮ ಇಷ್ಟು: ಗಡ್ಡೆ ಇರುವ ಜಾಗದ ಮೇಲೆ, ಅದರ ಸುತ್ತ, ಊದಿರುವ ದುಗ್ಧಗ್ರಂಥಿಯ ಮೇಲೆ ಕೈ ಊರಬಾರದು. ಹೊಟ್ಟೆಯೊಳಗೆ ಗಡ್ಡೆ ಇದ್ದರೆ, ನೀರು ತುಂಬಿದ್ದರೆ, ಮಲದ ಚೀಲ ಅಳವಡಿಸಿದ್ದರೆ ಹೊಟ್ಟೆಯನ್ನು ಬಿಟ್ಟುಬಿಡಬೇಕು.

"ವಿಷ ಇಳಿಯುತ್ತದೆ" ಎಂಬ ಮಾತಿಗೂ ಆಧಾರವಿಲ್ಲ. ಕೀಮೋ ಔಷಧವನ್ನು ಹೊರಹಾಕುವುದು ಯಕೃತ್ತು ಮತ್ತು ಮೂತ್ರಪಿಂಡ. ಮೈ ಒತ್ತಿದರೆ ಅವುಗಳ ಕೆಲಸ ಚುರುಕಾಗುವುದಿಲ್ಲ.

ಹಾಗಾದರೆ ಮಸಾಜ್‌ನಿಂದ ಏನು ಸಿಗುತ್ತದೆ? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಮೂರು ವರ್ಷಗಳ ಅವಧಿಯಲ್ಲಿ 1,290 ರೋಗಿಗಳಿಗೆ ಮಸಾಜ್ ಕೊಟ್ಟು, ಮೊದಲೂ ನಂತರವೂ ತೊಂದರೆ ಎಷ್ಟಿದೆ ಎಂದು ಅಂಕ ಕೇಳಿ ಬರೆದುಕೊಂಡ ವರದಿ 2004ರಲ್ಲಿ ಪ್ರಕಟವಾಯಿತು. ನೋವು, ಸುಸ್ತು, ಆತಂಕ, ವಾಕರಿಕೆಯಂಥ ತೊಂದರೆಗಳ ಅಂಕ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಅದರಲ್ಲಿ ಹೋಲಿಸಿ ನೋಡಲು ಮಸಾಜ್ ಇಲ್ಲದ ಗುಂಪು ಇರಲಿಲ್ಲ. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರೋಗ ಮುಂದುವರಿದು ನೋವಿನಲ್ಲಿದ್ದ 380 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಸಾಜ್, ಇನ್ನೊಂದಕ್ಕೆ ಬರೀ ಕೈ ಇಟ್ಟು ಸುಮ್ಮನಿರುವುದು. ಎರಡು ವಾರಗಳಲ್ಲಿ ತಲಾ 30 ನಿಮಿಷದಂತೆ ಆರು ಸಲದವರೆಗೆ. ಮಸಾಜ್ ಆದ ಕೂಡಲೇ ನೋವೂ ಮನಸ್ಸಿನ ಭಾರವೂ ಹೆಚ್ಚು ಇಳಿದವು. ಆದರೆ ವಾರಗಳ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಫಲ ನಿಜ, ಆದರೆ ಅಲ್ಪಕಾಲದ್ದು. ಕೆಲವು ಗಂಟೆ ನೋವು ಕಡಿಮೆಯಾಗಿ, ರಾತ್ರಿ ಒಂದಿಷ್ಟು ನಿದ್ದೆ ಬಂದರೆ ಅದು ಸಣ್ಣ ಮಾತಲ್ಲ. ಆದರೆ ಇದು ಪೂರಕ ಆರೈಕೆ. ನೋವಿನ ಮಾತ್ರೆಯನ್ನೋ ಕೀಮೋದ ಸರದಿಯನ್ನೋ ಬಿಟ್ಟು ಮಸಾಜ್ ಮಾಡಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಅಂಥವರನ್ನು ದೂರವಿಡಿ.

ಇನ್ನು ಒತ್ತಡದ ವಿಷಯ. "ಮಸಾಜ್" ಎಂಬ ಒಂದೇ ಪದ ಎಲ್ಲವನ್ನೂ ನುಂಗಿಬಿಟ್ಟಿದೆ, ಗೊಂದಲ ಶುರುವಾಗುವುದೇ ಅಲ್ಲಿ. ಕನ್ನಡದಲ್ಲಿ ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ: ನೇವರಿಸು, ನೀವು, ಒತ್ತು, ಅಮುಕು, ನಾದು. ಕ್ಯಾನ್ಸರ್ ರೋಗಿಗಳಿಗೆ ಮಸಾಜ್ ಮಾಡಲು ತರಬೇತಿ ಪಡೆದವರು ಒತ್ತಡವನ್ನು ಒಂದರಿಂದ ಐದರವರೆಗೆ ಅಳೆಯುತ್ತಾರೆ. ಆ ಅಳತೆ ಈ ಐದು ಪದಗಳಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ನೇವರಿಸುವುದೆಂದರೆ ಚರ್ಮದ ಮೇಲೆ ತೆಳುವಾಗಿ ಕ್ರೀಮ್ ಸವರಿದಷ್ಟು. ಚರ್ಮ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ನೀವುವುದೆಂದರೆ ಗಟ್ಟಿ ಕ್ರೀಮನ್ನು ಚರ್ಮಕ್ಕೆ ಇಂಗಿಸಿದಷ್ಟು. ಚರ್ಮದ ಕೆಳಗಿನ ಕೊಬ್ಬಿನ ಪದರ ಸ್ವಲ್ಪ ಅಲುಗುತ್ತದೆ, ಸ್ನಾಯುವಿಗೆ ಒತ್ತಡ ಮುಟ್ಟುವುದಿಲ್ಲ. ಮೂರನೆಯದರಿಂದ ಸ್ನಾಯುವಿಗೆ ಭಾರ ಬೀಳುತ್ತದೆ. ಚಿಕಿತ್ಸೆ ನಡೆಯುತ್ತಿರುವಾಗ ಮನೆಯವರು ಮೊದಲ ಎರಡನ್ನು ದಾಟಬಾರದು. ಬಹಳ ಸಲ ಮೊದಲನೆಯದರಲ್ಲೇ ನಿಲ್ಲಬೇಕು.

ಇದನ್ನು ನಿಮ್ಮ ಕೈಯ ಮೇಲೇ ಪರೀಕ್ಷಿಸಿ. ಎಡ ಮುಂಗೈಯನ್ನು ದಿಂಬಿನ ಮೇಲಿಟ್ಟು, ಅದಕ್ಕೆ ನಾಲ್ಕೈದು ಹನಿ ಎಣ್ಣೆ ಹಚ್ಚಿ, ಬಲ ಅಂಗೈಯನ್ನು ಪೂರ್ತಿ ಊರಿ ಮಣಿಕಟ್ಟಿನಿಂದ ಮೊಣಕೈ ಕಡೆಗೆ ನಿಧಾನವಾಗಿ ಸರಿಸಿ. ಕೈಯ ಮುಂದೆ ಚರ್ಮ ಸಣ್ಣ ಅಲೆಯಂತೆ ಮಡಚಿಕೊಂಡು ಓಡಿದರೆ ಮೊದಲ ಮೆಟ್ಟಿಲು ದಾಟಿದ್ದೀರಿ. ಮುಂಗೈ ಕೆಳಗಿನ ದಿಂಬು ತಗ್ಗಿದರೆ ಎರಡನೆಯದನ್ನೂ ದಾಟಿದ್ದೀರಿ. ಹಗುರ ಎಂದರೆ ಬೆರಳ ತುದಿಯಲ್ಲಿ ಸವರುವುದು ಎಂದುಕೊಳ್ಳಬೇಡಿ. ಅದು ಕಚಗುಳಿಯಾಗುತ್ತದೆ, ಸುಸ್ತಾದವರಿಗೆ ಕಿರಿಕಿರಿ. ಅಂಗೈ ಪೂರ್ತಿ ತಾಗಬೇಕು, ಭಾರ ಬೀಳಬಾರದು, ವೇಗ ಕಡಿಮೆ ಇರಬೇಕು. ಮಣಿಕಟ್ಟಿನಿಂದ ಮೊಣಕೈಗೆ ಹೋಗಲು ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ಬೇಕು.

ಕೈ ಹಚ್ಚುವ ಮೊದಲು ಕೇಳಿ ತಿಳಿದುಕೊಳ್ಳಬೇಕಾದ ಸಂಗತಿಗಳಿವೆ. ಮೊದಲನೆಯದು ರಕ್ತ ಪರೀಕ್ಷೆಯ ಚೀಟಿ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಪ್ರತಿ ಮೈಕ್ರೋಲೀಟರ್‌ಗೆ 1.5 ಲಕ್ಷದಿಂದ 4.5 ಲಕ್ಷ ಇರುತ್ತದೆ. ಅದು 50,000ಕ್ಕಿಂತ ಕೆಳಗಿದ್ದರೆ ನೇವರಿಸುವುದಕ್ಕಿಂತ ಹೆಚ್ಚಿನ ಒತ್ತಡ ಸಲ್ಲದು. 20,000ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕೇಳದೆ ಅದೂ ಬೇಡ. ಆಗ ಚರ್ಮದೊಳಗೆ ರಕ್ತ ಜಿನುಗಲು ಹೆಬ್ಬೆರಳ ಒತ್ತಡ ಸಾಕು. ಚರ್ಮದ ಮೇಲೆ ಗುಂಡುಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು, ಕಾರಣ ತಿಳಿಯದ ನೀಲಿ ಕಲೆಗಳು, ಹಲ್ಲುಜ್ಜುವಾಗ ರಕ್ತ ಕಂಡರೆ ಮುಂದಿನ ಪರೀಕ್ಷೆಯ ತನಕ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಬಿಳಿರಕ್ತಕಣಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಣಿಕೆ 500ಕ್ಕಿಂತ ಕಡಿಮೆ ಇದ್ದರೆ ಸೋಂಕಿನ ಅಪಾಯ ಬಹಳ. ಆ ದಿನಗಳಲ್ಲಿ ಶೀತ, ಕೆಮ್ಮು, ಕೈಯಲ್ಲಿ ಗಾಯ ಇರುವವರು ರೋಗಿಯನ್ನು ಮುಟ್ಟಲೇಬಾರದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಮಸಾಜ್ ಮಾತೇ ಇಲ್ಲ; ಅದು ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕಾದ ಸ್ಥಿತಿ.

ಎಣಿಕೆಗೂ ದಿನಕ್ಕೂ ಸಂಬಂಧವಿದೆ. ಬಹುತೇಕ ಕೀಮೋ ಔಷಧಗಳಲ್ಲಿ ರಕ್ತಕಣಗಳು ತೀರಾ ತಗ್ಗುವುದು ಔಷಧ ಹಾಕಿದ 7ರಿಂದ 14ನೇ ದಿನದ ನಡುವೆ. ವಿಚಿತ್ರವೆಂದರೆ ಅಷ್ಟು ಹೊತ್ತಿಗೆ ವಾಕರಿಕೆ ಕಡಿಮೆಯಾಗಿ ರೋಗಿ ಗೆಲುವಾಗಿ ಕಾಣುತ್ತಾರೆ, "ಇವತ್ತು ಚೆನ್ನಾಗಿದ್ದಾರೆ, ಸ್ವಲ್ಪ ಗಟ್ಟಿಯಾಗಿ ಒತ್ತೋಣ" ಎಂದು ಮನೆಯವರಿಗೆ ಅನ್ನಿಸುವುದೂ ಆಗಲೇ. ಮುಖ ನೋಡಿ ತೀರ್ಮಾನಿಸಬೇಡಿ, ಚೀಟಿ ನೋಡಿ.

ಹೆಪ್ಪುಗಟ್ಟಿದ ರಕ್ತದ ವಿಷಯದಲ್ಲಿ ಎಷ್ಟು ಎಚ್ಚರಿಸಿದರೂ ಸಾಲದು. ಕ್ಯಾನ್ಸರ್ ಇರುವವರಲ್ಲಿ ಕಾಲಿನ ಒಳಗಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಮೇದೋಜೀರಕ ಗ್ರಂಥಿ, ಜಠರ, ಮೆದುಳಿನ ಕ್ಯಾನ್ಸರ್‌ನಲ್ಲಿ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆ, ಹಾಸಿಗೆ ಹಿಡಿದಿರುವುದು, ಟ್ಯಾಮಾಕ್ಸಿಫೆನ್, ಥಾಲಿಡೊಮೈಡ್‌ನಂಥ ಔಷಧಗಳು ಅದನ್ನು ಮತ್ತಷ್ಟು ಏರಿಸುತ್ತವೆ. ಲಕ್ಷಣವೇನೆಂದರೆ ಒಂದೇ ಕಾಲಿನ ಮೀನಖಂಡ ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ, ಕೆಲವೊಮ್ಮೆ ಕೆಂಪಾಗುತ್ತದೆ. ಇದನ್ನು "ಸ್ನಾಯು ಹಿಡಿದುಕೊಂಡಿದೆ" ಎಂದು ತಿಳಿದು ಒತ್ತುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಅಮುಕಿದಾಗ ಹೆಪ್ಪಿನ ತುಂಡು ಕಿತ್ತು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರಬಹುದು. ಯಾವ ಲಕ್ಷಣವೂ ಇಲ್ಲದೆ ಹೆಪ್ಪು ಇರುವುದೂ ಉಂಟು. ಹಾಗಾಗಿ ಚಿಕಿತ್ಸೆಯಲ್ಲಿರುವವರ ಮೀನಖಂಡವನ್ನು ಹಿಸುಕಲೇಬಾರದು ಎಂಬುದನ್ನು ನಿಯಮವಾಗಿಯೇ ಇಟ್ಟುಕೊಳ್ಳಿ. ಒಂದು ಅಳತೆ ಪಟ್ಟಿ ತಂದು, ಎರಡೂ ಮೀನಖಂಡಗಳ ಸುತ್ತಳತೆಯನ್ನು ಮೊಣಕಾಲ ಕೆಳಗೆ ಒಂದೇ ದೂರದಲ್ಲಿ ಹಿಡಿದು ನೋಡಿ. 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೈ ಹಚ್ಚದೆ ವೈದ್ಯರಿಗೆ ತೋರಿಸಿ. ಹೆಪ್ಪು ಬೆಳೆಯದಂತೆ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಚರ್ಮ ಬೇಗ ಕಂದುತ್ತದೆ ಎಂಬುದೂ ನೆನಪಿರಲಿ.

ಮೂಳೆಗೆ ಹರಡಿದೆಯೇ ಎಂದು ಕೇಳಲು ಮನೆಯವರು ಹಿಂಜರಿಯುತ್ತಾರೆ. ಕೇಳಲೇಬೇಕು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್‌ಗಳು ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ತೊಡೆಮೂಳೆಯ ಮೇಲ್ಭಾಗಗಳಿಗೆ ಹೋಗುವುದು ಹೆಚ್ಚು. ಮೂಳೆಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾದಲ್ಲಂತೂ ಮೂಳೆಯೇ ಟೊಳ್ಳಾಗಿರುತ್ತದೆ. ಅಂಥ ಕಡೆ ಬೆನ್ನು ಅಮುಕುವುದು, ಕೀಲು ತಿರುವಿ ಲಟಿಕೆ ತೆಗೆಯುವುದು, ಕಾಲೆಳೆಯುವುದು ನಿಷಿದ್ಧ. ಬೆನ್ನುನೋವಿನ ಜೊತೆ ಕಾಲಿಗೆ ಬಲವಿಲ್ಲದಂತಾದರೆ, ಮೂತ್ರ ಕಟ್ಟಿದರೆ ಅದು ಬೆನ್ನುಹುರಿಗೆ ಒತ್ತಡ ಬಿದ್ದ ಸೂಚನೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲ್ಲೇ ಇನ್ನೊಂದು ಮಾತು. ಬಿಳಿರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟ ನಂತರ ಸೊಂಟ, ಬೆನ್ನು, ತೊಡೆಯ ಮೂಳೆಗಳಲ್ಲಿ ಮಿಡಿಯುವಂಥ ನೋವು ಬರುತ್ತದೆ. ಅದು ಮೂಳೆಯೊಳಗಿನ ಮಜ್ಜೆ ಭರದಿಂದ ಕೆಲಸ ಮಾಡುವ ನೋವು. ಎಷ್ಟು ಒತ್ತಿದರೂ ಕೈ ಅಲ್ಲಿಗೆ ಮುಟ್ಟುವುದಿಲ್ಲ. ವೈದ್ಯರು ಹೇಳಿದ ಮಾತ್ರೆಯೇ ಅದಕ್ಕೆ ದಾರಿ.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದವರ ಕೈಯದು ಬೇರೆಯೇ ಲೆಕ್ಕ. ಅಂಗಾಂಶಗಳ ನಡುವೆ ಜಿನುಗುವ ನೀರನ್ನು ದುಗ್ಧನಾಳಗಳು ಎತ್ತಿಕೊಂಡು ಈ ಗ್ರಂಥಿಗಳ ಮೂಲಕ ರಕ್ತಕ್ಕೆ ಮರಳಿಸುತ್ತವೆ. ಗ್ರಂಥಿ ತೆಗೆದರೆ, ಅಥವಾ ಅದಕ್ಕೆ ರೇಡಿಯೇಷನ್ ಕೊಟ್ಟರೆ, ಹೊರಹೋಗುವ ದಾರಿ ಕಿರಿದಾಗುತ್ತದೆ. ಆ ಕೈಯನ್ನು ಒತ್ತಿ ನಾದಿದಾಗ, ಬಿಸಿ ಶಾಖ ಕೊಟ್ಟಾಗ ರಕ್ತದ ಹರಿವು ಹೆಚ್ಚಿ ನೀರು ಇನ್ನಷ್ಟು ಜಿನುಗುತ್ತದೆ. ಒಳಬರುವುದು ಹೆಚ್ಚು, ಹೊರಹೋಗುವುದು ಕಡಿಮೆ. ಕೈ ಊದಿಕೊಳ್ಳುತ್ತದೆ. ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆದವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಇದು ಕಾಣಿಸಿಕೊಳ್ಳುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸಿದವರಲ್ಲಿ ಕಡಿಮೆ. ಶಸ್ತ್ರಚಿಕಿತ್ಸೆಯಾಗಿ ಹಲವು ವರ್ಷ ಕಳೆದ ಮೇಲೂ ಶುರುವಾಗಬಹುದು. ಆದ್ದರಿಂದ "ಆಪರೇಷನ್ ಆಗಿ ಆರು ವರ್ಷ ಆಯಿತಲ್ಲ" ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಅನುಭವಸ್ಥರೂ ತಪ್ಪುವ ಜಾಗ ಒಂದಿದೆ. ಕೈಯನ್ನು ಹಗುರವಾಗಿ ಮುಟ್ಟಿ, ಅದೇ ಬದಿಯ ಬೆನ್ನನ್ನು ಗಟ್ಟಿಯಾಗಿ ಒತ್ತುತ್ತಾರೆ. ಆ ಬದಿಯ ಎದೆ, ಭುಜ, ಬೆನ್ನಿನ ಮೇಲರ್ಧದ ನೀರೂ ಹರಿದು ಸೇರುವುದು ಅದೇ ಕಂಕುಳಿಗೆ. ಆದ್ದರಿಂದ ಕೈ ಎಷ್ಟು ಸೂಕ್ಷ್ಮವೋ ಆ ಬದಿಯ ಬೆನ್ನೂ ಅಷ್ಟೇ ಸೂಕ್ಷ್ಮ. ತೊಡೆಸಂದಿನ ಗ್ರಂಥಿ ತೆಗೆದಿದ್ದರೆ ಆ ಬದಿಯ ಕಾಲು, ಪೃಷ್ಠ, ಕೆಳಹೊಟ್ಟೆಗೂ ಇದೇ ನಿಯಮ. ಸವರುವ ದಿಕ್ಕು ಬೆರಳಿನಿಂದ ಭುಜದ ಕಡೆಗೆ ಇರಲಿ, ಹಿಂದಕ್ಕೆ ಬರುವಾಗ ಕೈಯಲ್ಲಿ ಒತ್ತಡವೇ ಬೇಡ. ಆಗಲೇ ಊದಿದ್ದರೆ ಮನೆಯ ಪ್ರಯೋಗ ಸಾಕು ಮಾಡಿ, ಲಿಂಫೆಡೀಮಾ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಅವರು ಮಾಡುವ ದುಗ್ಧರಸ ಹರಿಸುವ ಮಸಾಜ್ ಬೇರೆಯೇ ವಿದ್ಯೆ, ಅದರ ಜೊತೆಗೆ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ ಎಲ್ಲ ಸೇರಿರುತ್ತದೆ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದಿದ್ದರೆ ಅದು ಸೋಂಕು. ಮೊದಲು ಔಷಧ ಬೇಕು.

ರೇಡಿಯೇಷನ್ ಪಡೆಯುತ್ತಿರುವ ಚರ್ಮಕ್ಕೆ ಎಣ್ಣೆಯೂ ಬೇಡ, ಉಜ್ಜುವುದೂ ಬೇಡ. ಕಿರಣ ಒಳಹೋಗುವ ಬದಿ ಮಾತ್ರವಲ್ಲ, ಹೊರಬರುವ ಬದಿಯ ಚರ್ಮವೂ ಬೇಯುತ್ತದೆ; ಎದೆಗೆ ಕೊಟ್ಟರೆ ಬೆನ್ನನ್ನೂ ನೋಡಿ. ಚರ್ಮದ ತೊಂದರೆ ಕಾಣಿಸುವುದು ಎರಡು ಮೂರು ವಾರದ ನಂತರ, ಉಲ್ಬಣಿಸುವುದು ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ. "ಮುಗಿಯಿತಲ್ಲ" ಎಂದು ಆಗಲೇ ಎಣ್ಣೆ ಹಚ್ಚಿದರೆ ಸಿಪ್ಪೆ ಏಳುತ್ತದೆ. ಕಿರಣ ಎಲ್ಲಿ ಬೀಳಬೇಕೆಂದು ಮೈಮೇಲೆ ಹಾಕಿರುವ ಗುರುತುಗಳು ಅಳಿಸಿದರೆ ಮತ್ತೆ ಅಳತೆ ಮಾಡಬೇಕಾಗುತ್ತದೆ.

ಈಗ ಪಾದ. ಮನೆಯವರು ಹೆಚ್ಚು ಒತ್ತುವುದು ಅದನ್ನೇ, ಅಲ್ಲಿ ಅಪಾಯವಿಲ್ಲ ಎಂದೇ ಎಲ್ಲರ ನಂಬಿಕೆ. ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಗಳು ನರಗಳ ತುದಿಗೆ ಪೆಟ್ಟು ಕೊಡುತ್ತವೆ. ಅಂಗಾಲು ಜೋಮು ಹಿಡಿದಂತಿರುತ್ತದೆ. "ಇನ್ನೂ ಗಟ್ಟಿಯಾಗಿ ಒತ್ತಿ, ಏನೂ ಗೊತ್ತಾಗ್ತಿಲ್ಲ" ಎಂದು ರೋಗಿಯೇ ಹೇಳುತ್ತಾರೆ. ಒತ್ತುವವರಿಗೆ ಇರುವ ಒಂದೇ ಅಳತೆಗೋಲು ರೋಗಿಯ ಮಾತು. ಜೋಮಿರುವ ಪಾದದಲ್ಲಿ ಆ ಅಳತೆಗೋಲು ಸುಳ್ಳು ಹೇಳುತ್ತದೆ. ಬಿಸಿಯ ಅರಿವೂ ಇರುವುದಿಲ್ಲ, ಬಿಸಿ ಎಣ್ಣೆ, ಬಿಸಿನೀರಿನ ಚೀಲದಿಂದ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಆಕ್ಸಾಲಿಪ್ಲಾಟಿನ್ ಹಾಕಿದ ದಿನಗಳಲ್ಲಂತೂ ತಣ್ಣನೆಯ ಕೈ ತಾಗಿದರೇ ಷಾಕ್ ಹೊಡೆದಂತಾಗುತ್ತದೆ. ಮೊದಲು ನಿಮ್ಮ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಕ್ಯಾಪ್‌ಸೈಟಬಿನ್ ಮಾತ್ರೆ ತೆಗೆದುಕೊಳ್ಳುವವರದು ಇನ್ನೊಂದು ಸಮಸ್ಯೆ. ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತವೆ. ಒತ್ತಡ ಮತ್ತು ಉಜ್ಜಾಟ ಬಿದ್ದಲ್ಲೆಲ್ಲ ಅದು ಹೆಚ್ಚುತ್ತದೆ. ಅಂಥವರ ಅಂಗಾಲನ್ನು ಉಜ್ಜಿದರೆ ಉಪಕಾರ ಮಾಡಹೋಗಿ ಚರ್ಮ ಕಿತ್ತಂತೆ. ಮೃದುವಾಗಿ ಕ್ರೀಮ್ ಸವರಿ ಬಿಡಿ, ಅಷ್ಟೇ.

ಇದಿಷ್ಟನ್ನೂ ವಿಚಾರಿಸಿಕೊಂಡು, ವೈದ್ಯರೂ ಒಪ್ಪಿದ ಮೇಲೆ ಮನೆಯಲ್ಲಿ ಮಾಡಬಹುದಾದ ಕ್ರಮ ಹೀಗಿದೆ. ಉಂಗುರ, ಬಳೆ, ಗಡಿಯಾರ ತೆಗೆದು, ಉಗುರು ಕತ್ತರಿಸಿ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ. ರೋಗಿಯನ್ನು ಪೂರ್ತಿ ಮಲಗಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ, ಮೊಣಕಾಲ ಕೆಳಗೊಂದು ದಿಂಬಿಡಿ. ಕೀಮೋ ಪೋರ್ಟ್ (ಔಷಧ ಹಾಕಲು ಚರ್ಮದಡಿ ಕೂರಿಸಿದ ಪುಟ್ಟ ಸಾಧನ) ಇರುವವರು, ಸ್ತನದ ಶಸ್ತ್ರಚಿಕಿತ್ಸೆ ಆದವರು ಬೋರಲು ಮಲಗಬಾರದು, ಕಾಲರ್ ಮೂಳೆಯ ಕೆಳಗಿನ ಪೋರ್ಟ್ ಇರುವ ಜಾಗ ಅಂಗೈಯಗಲ ಬಿಡಬೇಕು. ಎರಡು ಪಾದಕ್ಕೆ ಒಂದು ಟೀ ಚಮಚ ಎಣ್ಣೆ ಸಾಕು. ವಾಸನೆ ಇಲ್ಲದ್ದಾಗಿರಲಿ. ರೋಗಿಗೆ ತುಂಬ ಇಷ್ಟವಾದ ಪರಿಮಳವೆಂದು ಕೀಮೋ ದಿನಗಳಲ್ಲಿ ಅದನ್ನೇ ಹಚ್ಚಬೇಡಿ. ಮೆದುಳು ಆ ಪರಿಮಳವನ್ನು ವಾಕರಿಕೆಯ ಜೊತೆ ಗಂಟು ಹಾಕಿಬಿಡುತ್ತದೆ, ಚಿಕಿತ್ಸೆ ಮುಗಿದ ಮೇಲೂ ಅದು ಮೂಗಿಗೆ ಬಿದ್ದರೆ ಹೊಟ್ಟೆ ತೊಳಸುತ್ತದೆ. ಉರಿ ತರುವ, ಘಾಟಿನ ಎಣ್ಣೆ, ಮುಲಾಮು ಬೇಡವೇ ಬೇಡ.

ಮೊದಲು ಎರಡೂ ಪಾದಗಳನ್ನು ಅಂಗೈಗಳಲ್ಲಿ ಹಿಡಿದು ಅರ್ಧ ನಿಮಿಷ ಸುಮ್ಮನಿರಿ. ಅಷ್ಟರಲ್ಲಿ ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಿದೆಯೇ, ಊದಿದೆಯೇ, ಬೆರಳ ಸಂದಿಯಲ್ಲಿ ಬಿರುಕಿದೆಯೇ ಎಂಬುದು ಕೈಗೂ ಕಣ್ಣಿಗೂ ತಿಳಿಯುತ್ತದೆ. ಆಮೇಲೆ ಒಂದು ಪಾದ ತೆಗೆದುಕೊಂಡು, ಅಂಗೈ ಪೂರ್ತಿ ಊರಿ, ಬೆರಳಿನಿಂದ ಕಣಕಾಲಿನ ತನಕ ನಿಧಾನವಾಗಿ ಸವರಿ. ಹೀಗೆ ಎಂಟು ಹತ್ತು ಸಲ. ಹಿಮ್ಮಡಿಯನ್ನು ಅಂಗೈ ಬಟ್ಟಲಲ್ಲಿ ಕೂರಿಸಿಕೊಂಡು ಸ್ವಲ್ಪ ಹೊತ್ತು ಹಿಡಿಯಿರಿ. ಬೆರಳುಗಳನ್ನು ಎಳೆಯಬೇಡಿ, ಲಟಿಕೆ ತೆಗೆಯಬೇಡಿ, ಬುಡದಿಂದ ತುದಿಗೆ ಒಂದೊಂದಾಗಿ ನೇವರಿಸಿ. ಒಂದು ಪಾದಕ್ಕೆ ಐದು ನಿಮಿಷ. ಕೈಗಳಿಗೂ ಹೀಗೆಯೇ, ತಲಾ ನಾಲ್ಕು ನಿಮಿಷ. ಸೂಜಿ ಚುಚ್ಚಿದ ಜಾಗ ಬಿಡಿ. ಕೀಮೋ ಹಾಕಿದ ರಕ್ತನಾಳ ಹುರಿಯಂತೆ ಗಟ್ಟಿಯಾಗಿ ಕಪ್ಪಾಗಿದ್ದರೆ ಅದರ ಮೇಲೆ ಉಜ್ಜಬೇಡಿ, ಆಸ್ಪತ್ರೆಯಲ್ಲಿ ತೋರಿಸಿ. ಒಟ್ಟು 20 ನಿಮಿಷ ದಾಟಬಾರದು. ಮುಗಿದ ಮೇಲೆ ಅಂಗಾಲಿನ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ, ಜಾರದ ಚಪ್ಪಲಿ ಹಾಕಿಸಿ, ಎರಡು ನಿಮಿಷ ಕೂರಿಸಿಯೇ ಎಬ್ಬಿಸಿ. ಜೋಮು ಹಿಡಿದ ಪಾದ, ಎಣ್ಣೆ, ನುಣುಪಾದ ನೆಲ ಮೂರೂ ಸೇರಿದಾಗ ಬೀಳುವುದು ಬಹಳ ಸುಲಭ. ಬಿದ್ದರೆ ಆಗುವ ಕೇಡಿನ ಮುಂದೆ ಮಸಾಜಿನ ಲಾಭ ಏನೇನೂ ಅಲ್ಲ.

ಮಾರನೆಯ ದಿನ ಕೇಳಿ: ರಾತ್ರಿ ನಿದ್ದೆ ಬಂತೇ, ಸುಸ್ತು ಹೆಚ್ಚಾಯಿತೇ, ಎಲ್ಲಾದರೂ ಕಂದಿದೆಯೇ? ಸುಸ್ತು ಹೆಚ್ಚಾಗಿದ್ದರೆ ಅವಧಿ ಅರ್ಧ ಮಾಡಿ. ಆ ಹೊತ್ತಿಗೆ ಹಿತವೆನ್ನಿಸಿದ ಒಂದು ಗಂಟೆಯ ಮಸಾಜ್ ಮರುದಿನ ಹಾಸಿಗೆಯಿಂದ ಏಳಲಾಗದಂತೆ ಮಾಡುವುದುಂಟು, ಮನೆಯವರು ಅದನ್ನು ಕೀಮೋದ ಸುಸ್ತು ಎಂದು ತಿಳಿಯುತ್ತಾರೆ. ಕೈ ಬೇಗ ಬೇಗ ಆಡಿಸಿದರೂ, ತಲೆ ತಗ್ಗಿಸಿ ಮಲಗಿಸಿದರೂ ವಾಕರಿಕೆ ಬರುತ್ತದೆ. ಮೈಮೇಲೆ ನೋವಿನ ಪಟ್ಟಿ ಅಂಟಿಸಿದ್ದರೆ, ಅದರಲ್ಲೂ ಫೆಂಟಾನಿಲ್ ಪಟ್ಟಿಯಾದರೆ, ಅದರ ಮೇಲೆ ಉಜ್ಜುವುದು, ಶಾಖ ಕೊಡುವುದು ಅಪಾಯ. ಔಷಧ ಒಮ್ಮೆಗೇ ಹೆಚ್ಚು ಒಳಹೋಗಿ ಉಸಿರಾಟ ನಿಧಾನವಾಗಬಹುದು. ಕೀಮೋ ಔಷಧ ಮೂತ್ರ, ವಾಂತಿಯಲ್ಲಿ ಸುಮಾರು 48 ಗಂಟೆಯ ತನಕ ಹೋಗುತ್ತಿರುತ್ತದೆ, ಅವನ್ನು ಮುಟ್ಟುವಾಗ ಕೈಗವಸು ಬೇಕು. ಥಯೋಟೆಪಾದಂಥ ಕೆಲವು ಔಷಧಗಳು ಬೆವರಿನಲ್ಲೂ ಬರುತ್ತವೆ. ಆ ದಿನಗಳಲ್ಲಿ ಮೈ ಮುಟ್ಟಬಹುದೇ, ಹೇಗೆ ಎಂದು ನರ್ಸ್ ಬಳಿ ಕೇಳಿಯೇ ಮುಟ್ಟಿ. ಕಂಪಿಸುವ ಮಸಾಜ್ ಯಂತ್ರ, ಮಸಾಜ್ ಕುರ್ಚಿಗಳನ್ನು ಚಿಕಿತ್ಸೆ ಮುಗಿಯುವ ತನಕ ಮೂಲೆಗಿಡಿ. ಚರ್ಮ ಕೆಂಪಾದದ್ದು ಕೈಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಹೊರಗೆ ಮಾಡಿಸಿಕೊಳ್ಳುವವರಿಗೊಂದು ಸೂಚನೆ. ಮಾಡುವವರು ಕೈ ಹಚ್ಚುವ ಮೊದಲು ಯಾವ ಚಿಕಿತ್ಸೆ, ಕೊನೆಯ ಕೀಮೋ ಯಾವಾಗ, ರಕ್ತದ ಎಣಿಕೆ ಎಷ್ಟು, ಗ್ರಂಥಿ ತೆಗೆದಿದ್ದಾರೆಯೇ, ಮೂಳೆಗೆ ಹೋಗಿದೆಯೇ ಎಂದು ತಾವಾಗಿ ಕೇಳಬೇಕು. ಇವ್ಯಾವುದನ್ನೂ ಕೇಳದೆ "ಗಂಟು ಬಿಡಿಸುತ್ತೇನೆ" ಎಂದು ಶುರು ಮಾಡುವವರಿಂದ ಎದ್ದು ಬನ್ನಿ.

ಸಂಪಾದಕರಲ್ಲಿ ಒಂದು ಕೋರಿಕೆ. ಇನ್ನು ಮುಂದೆ ಮಸಾಜ್ ಬಗ್ಗೆ ಆರೋಗ್ಯ ಲೇಖನ ಪ್ರಕಟಿಸುವಾಗ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಬೇಕು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ ಮುಗಿಸಬೇಡಿ. ವೈದ್ಯರ ಬಳಿ ಏನು ಕೇಳಬೇಕು ಎಂದು ಬರೆಯಿರಿ: "ಪ್ಲೇಟ್‌ಲೆಟ್ ಎಷ್ಟಿದೆ, ಕಾಲಿನಲ್ಲಿ ಹೆಪ್ಪಿನ ಸಂಶಯ ಇದೆಯೇ, ಮುಟ್ಟಬಾರದ ಮೂಳೆ ಯಾವುದು, ಯಾವ ಬದಿಯ ಕೈ ಜೋಪಾನ?" ಈ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ನಾಲ್ಕಕ್ಕೂ ಪ್ರತಿಕೂಲ ಉತ್ತರವೇ ಬಂದವರ ಮನೆಯವರು ನಿರಾಶರಾಗಬೇಕಿಲ್ಲ. 2008ರ ಅಧ್ಯಯನದಲ್ಲಿ ಮಸಾಜ್ ಸಿಗದ ಗುಂಪಿಗೆ ಮಾಡಿದ್ದು ಒಂದೊಂದು ಜಾಗದಲ್ಲಿ ಮೂರು ನಿಮಿಷ ಅಂಗೈಗಳನ್ನು ಇಟ್ಟು ಅಲುಗಿಸದೆ ಕೂತದ್ದು ಮಾತ್ರ. ಅವರ ನೋವೂ ಇಳಿದಿತ್ತು. ಎಣ್ಣೆ ಬೇಡ, ತರಬೇತಿ ಬೇಡ. ವೈದ್ಯರು ಮುಟ್ಟಬಹುದು ಎಂದ ಜಾಗದಲ್ಲಿ, ಹೊದಿಕೆಯ ಮೇಲಿಂದಲಾದರೂ ಸರಿ, ಅಂಗೈ ಇಟ್ಟು ಮೂರು ನಿಮಿಷ ಹಾಗೇ ಕೂತಿರಿ. ಆಮೇಲೆ ಕೈ ತೆಗೆಯಬೇಕೋ ಇನ್ನಷ್ಟು ಹೊತ್ತು ಇರಬೇಕೋ ಎಂದು ಅವರನ್ನೇ ಕೇಳಿ.

ಇಂತಿ,
ಕ್ಯಾನ್ಸರ್ ರೋಗಿಗಳ ಉಪಶಾಮಕ ಆರೈಕೆಯಲ್ಲಿ ತೊಡಗಿರುವ ಓದುಗರು